ಕಲ್ಲುಹೂವಿನ ಸಂಸಾರ

ನನ್ನೂರು ತರೀಕೆರೆಯ ಸಮೀಪದ ಅಮೃತಾಪುರ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಬಂದವರು ಶಿಲ್ಪಗಳನ್ನೂ ಜನ್ನ ಕವಿಯ ಪದ್ಯಗಳುಳ್ಳ ಶಾಸನವನ್ನೂ ನೋಡಿ ಹೋಗುತ್ತಾರೆ. ಕಲ್ಲಿನ ಮೇಲೆ ಅಲ್ಲಲ್ಲಿ ಅಂಟಿಕೊಂಡ ಬೂದುಬಣ್ಣದ ಮಚ್ಚೆಗಳ ಕಡೆಗೆ ಯಾರ ಕಣ್ಣೂ ಹೋಗದು. ಚಿಕ್ಕಂದಿನಲ್ಲಿ ನಾನು ಅವನ್ನು ಕಲ್ಲಿಗೆ ಹತ್ತಿದ ಕಜ್ಜಿಯೆಂದು ತಿಳಿದು ಮೊಳೆಯಿಂದ ಕೆರೆಯುತ್ತಿದ್ದಾಗ ಅಜ್ಜ ಗದರಿಸಿದ್ದ: "ಕಲ್ಲು ಹೂ ಬಿಟ್ಟೈತೆ, ಮುಟ್ಟಬ್ಯಾಡ ಕಣೋ!"

ಅಜ್ಜನ ಮಾತು ಸುಳ್ಳಲ್ಲ. ಅಮ್ಮ ಮಸಾಲೆಗೆ ಹಾಕುವ ಕಲ್ಲುಹೂವೂ ಈ ಗುಂಪಿಗೇ ಸೇರಿದ್ದು. ವಿಜ್ಞಾನಿಗಳು ಇದನ್ನು ಲೈಕೆನ್ ಎನ್ನುವರು. ಕಲಾವಿಭಾಗದವನಾದ ನನ್ನ ಈ ವಿಜ್ಞಾನದ ಮಾತಿನಲ್ಲಿ ತಪ್ಪಿದ್ದರೆ ಅಧ್ಯಾಪಕರು ತಿದ್ದಬೇಕು.

ಇದು ಒಂದೇ ಸಸ್ಯವೆಂದು ಬಹುಕಾಲ ನಂಬಿದ್ದರು. ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಎಂಬ ಸಸ್ಯವಿಜ್ಞಾನಿ 1867ರಲ್ಲಿ ಇದು ಎರಡು ಜೀವಿಗಳ ಕೂಡುಬಾಳೆಂದು ಹೇಳಿದಾಗ ಅನೇಕ ಪಂಡಿತರು ಒಪ್ಪಲಿಲ್ಲ. ಕಡೆಗೆ ಅವನ ಮಾತೇ ನಿಂತಿತು. ಶಿಲೀಂಧ್ರವು ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಒಳಗಿನ ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಈ ಎರಡರೊಡನೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳೂ ಅಸಂಖ್ಯವಾಗಿ ವಾಸಿಸುತ್ತವೆಂದು ಈಚಿನ ಸಂಶೋಧನೆ ತಿಳಿಸಿದೆ.

ಈ ಕಾಣದ ಬಂಧುಗಳ ಬೆಲೆ ತಿಳಿಯಬೇಕಾದರೆ ಧ್ರುವಪ್ರದೇಶವನ್ನು ನೋಡಬೇಕು. ಅಂಟಾರ್ಕ್ಟಿಕದಲ್ಲಿ ಸಹಜವಾಗಿ ಬೆಳೆಯುವ ಹೂಗಿಡಗಳು ಎರಡೇ ಜಾತಿ. ಕಲ್ಲುಹೂವುಗಳೋ ನೂರಾರು ಜಾತಿ. ನಮ್ಮ ದೇಶದ ಮೈತ್ರಿ ನಿಲ್ದಾಣದ ಸುತ್ತಣ ಬಂಡೆಗಳ ಮೇಲೂ ಅವು ಬೆಳೆದಿವೆ. ಅಲ್ಲಿ ಗೊಬ್ಬರವಿಲ್ಲ; ನೀರು ಬಹುಪಾಲು ಹೆಪ್ಪುಗಟ್ಟಿರುತ್ತದೆ. ಅಂಥಲ್ಲಿ ಕೆಲವು ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಕೆಲವು ಕಲ್ಲಿನ ರಂಜಕವನ್ನು ಕರಗಿಸುತ್ತವೆ. ಕೆಲವು ಬಣ್ಣ ತಯಾರಿಸಿ ತೀಕ್ಷ್ಣ ಬಿಸಿಲನ್ನು ತಡೆಯುತ್ತವೆ.

ಇದರಿಂದ ನಮಗೇನು ಲಾಭವೆಂದು ಕೇಳಬಹುದು. ಚಳಿಯಲ್ಲೂ ಕೆಲಸ ಬಿಡದ ಇಂಥ ಜೀವಿಗಳ ಕಿಣ್ವಗಳು ತಣ್ಣೀರಿನಲ್ಲೇ ಕೊಳೆ ತೆಗೆಯುವ ಸಾಬೂನುಪುಡಿಗೆ ಒದಗಬಲ್ಲವು. ರೋಗಾಣುಗಳನ್ನು ಕೊಲ್ಲುವ ವಸ್ತುಗಳಿಗಾಗಿಯೂ ಇವುಗಳಲ್ಲಿ ಹುಡುಕಾಟ ನಡೆದಿದೆ. ಕೆನಡಾದ ಒಂದು ಕಲ್ಲುಹೂವಿನ ಬ್ಯಾಕ್ಟೀರಿಯದಿಂದ ಅನ್ಸಿಯಾಲಮೈಸಿನ್ ಎಂಬ ಪ್ರಬಲ ಪ್ರತಿಜೀವಕ ದೊರೆತುದು 2005ರಲ್ಲಿ ಪ್ರಕಟವಾಯಿತು. ಹಳೆಯ ಔಷಧಿಗಳಿಗೆ ರೋಗಾಣುಗಳು ಬಗ್ಗದಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕಲ್ಲುಹೂವಿನ ಆಮ್ಲವು ಶಿಲ್ಪವನ್ನು ಮೆಲ್ಲಗೆ ಸವೆಸುವುದೂ ನಿಜ. ಆದುದರಿಂದ ದೇವಾಲಯದ ಕಲ್ಲನ್ನು ಬಲ್ಲವರು ಶುಚಿಮಾಡಲಿ. ನಮ್ಮಂಥವರು ಮೊಳೆ ಹಿಡಿದರೆ ಶಿಲ್ಪಕ್ಕೇ ಗಾಯ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪದವಿಪತ್ರದಲ್ಲಿ ನನ್ನೊಬ್ಬನ ಹೆಸರಿರುತ್ತದೆ. ರಾತ್ರಿಯೆಲ್ಲ ಅಡಿಕೆ ಸುಲಿದು ಪುಸ್ತಕಕ್ಕೆ ಹಣ ಕೂಡಿಸಿದ ಅಮ್ಮನ ಹೆಸರಿರುವುದಿಲ್ಲ. ಪ್ರಾಕಾರದ ಆ ಮಚ್ಚೆಗಳನ್ನು ಕಂಡಾಗಲೆಲ್ಲ ಈಗ ನನಗೆ ಅದು ನೆನಪಾಗುತ್ತದೆ.