ಹೊರಗೆ ಗರಿಗರಿ, ಒಳಗೆ ರಸ: ಏರ್ ಫ್ರೈಯರಿನಲ್ಲಿ ಹಂದಿಮಾಂಸ

ಪೇಟೆಯಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಈಗ ತರುವ ಸಾಮಾನುಗಳಲ್ಲಿ ಏರ್ ಫ್ರೈಯರ್ ಎಂಬ ಯಂತ್ರವೂ ಒಂದು. ಎಣ್ಣೆ ಸುರಿಯದೆಯೇ ಕರಿದಂತೆ ಮಾಡಿಕೊಡುತ್ತದೆ ಎಂಬ ಖ್ಯಾತಿ ಅದಕ್ಕಿದೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಗೆ ಅದು ಬಂದ ಮೇಲೆ ಏಳುವ ಮೊದಲ ಪ್ರಶ್ನೆ ಮಾತ್ರ ಬೇರೆ: ಇದರಲ್ಲಿ ಹಂದಿಮಾಂಸ ಆಗುತ್ತದೆಯೇ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಒಂದು ಎಚ್ಚರ ಬೇಕು. ನಮ್ಮ ಮನೆಗಳ ರೂಢಿ ಪಾತ್ರೆಯ ಅಡುಗೆಯದು. ಪಂದಿ ಕರಿಯನ್ನು ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸುವಾಗ ಮಾಂಸ ಒಳಗೆ ಬೆಂದಿದೆಯೇ ಎಂಬ ಸಂಶಯಕ್ಕೆ ಎಡೆಯೇ ಇಲ್ಲ. ಬಿಸಿಗಾಳಿಯ ಯಂತ್ರದಲ್ಲಿ ಹಾಗಲ್ಲ. ಮೇಲೆ ಹೊಂಬಣ್ಣ ಬಂದು ಚರ್ಮ ಗರಿಗರಿಯಾದರೂ ಒಳಗಿನ ಮಾಂಸ ಅರೆಬೆಂದೇ ಇರಬಹುದು. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಹರವಿದ ಅಡಿಕೆಯ ಸಿಪ್ಪೆ ಒಣಗಿತೆಂದು ಒಳಗಿನ ಅಡಿಕೆಯೂ ಒಣಗಿತೆಂದು ನಾವು ನಂಬುವುದಿಲ್ಲ. ಒಂದೆರಡನ್ನು ಸುಲಿದು ಕತ್ತರಿಸಿ ನೋಡಿದ ಮೇಲೆಯೇ ಚೀಲಕ್ಕೆ ತುಂಬುತ್ತೇವೆ. ಈ ಅಡುಗೆಗೂ ಅದೇ ನ್ಯಾಯ.

ಯಂತ್ರದ ಕೆಲಸ

ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಏರ್ ಫ್ರೈಯರನ್ನು ಮುಂದಿಟ್ಟಿತು. ಅನಂತರ ಹಲವು ಕಂಪನಿಗಳು ಇಂಥದೇ ಯಂತ್ರಗಳನ್ನು ತಯಾರಿಸಿವೆ. ಹೆಸರು ಏನೇ ಇರಲಿ, ಇದು ಕರಿಯುವ ಬಾಣಲೆಯಲ್ಲ. ಸಣ್ಣದೊಂದು ಬಿಸಿಗಾಳಿಯ ಒಲೆ. ಮೇಲ್ಭಾಗದಲ್ಲಿ ಕಾಯುವ ಸುರುಳಿ ಮತ್ತು ಫ್ಯಾನು, ಕೆಳಗೆ ತೂತುಗಳಿರುವ ಬುಟ್ಟಿ. ಫ್ಯಾನು ಬಿಸಿಗಾಳಿಯನ್ನು ರಭಸದಿಂದ ತಳ್ಳುವುದರಿಂದ ಪದಾರ್ಥದ ಮೇಲೆ ಕುಳಿತ ತೇವದ ಪದರ ಬೇಗ ಹಾರಿಹೋಗುತ್ತದೆ. ಕಾಫಿ ಒಣಗಿಸುವ ಡ್ರೈಯರ್ ನೋಡಿದವರಿಗೆ ಈ ತತ್ವ ಹೊಸದಲ್ಲ. ಬುಟ್ಟಿಯಲ್ಲಿ ಒತ್ತೊತ್ತಾಗಿ ತುಂಬಿದರೆ ಗಾಳಿ ಸುಳಿಯುವುದಿಲ್ಲ. ಮಾಂಸ ತನ್ನ ಹಬೆಯಲ್ಲೇ ಬೆಂದು ಮೆತ್ತಗಾಗುತ್ತದೆ. ನಾಲ್ಕೈದು ಲೀಟರಿನ ಯಂತ್ರದಲ್ಲಿ ಮುಕ್ಕಾಲರಿಂದ ಒಂದು ಕಿಲೋ ಮಾಂಸಕ್ಕಿಂತ ಹೆಚ್ಚು ಇಡಬಾರದು. ಕೈಲ್‌ಪೊಳ್ದಿಗೆ ನೆಂಟರೆಲ್ಲ ಸೇರುವ ದಿನ ಪಾತ್ರೆಯೇ ಸರಿ.

ಗರಿಯೂ ರಸವೂ

ಗರಿಗರಿ ಎಂದರೆ ಮೇಲ್ಮೈಯಲ್ಲಿ ನೀರಿಲ್ಲದಿರುವುದು. ರಸವತ್ತು ಎಂದರೆ ಒಳಗೆ ನೀರು ಉಳಿದಿರುವುದು. ಒಂದೇ ತುಂಡಿನಲ್ಲಿ ಎರಡನ್ನೂ ಸಾಧಿಸಬೇಕಾದರೆ ಎರಡು ಬೇರೆ ಕೆಲಸ ಮಾಡಬೇಕು.

ಚರ್ಮದಲ್ಲಿ ತೇವವಿರುವವರೆಗೆ ಅದರ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ತೇವ ಹೋದ ಮೇಲೆ ಶಾಖ ಏರಿ ಬಣ್ಣ ಬರುತ್ತದೆ, ಚರ್ಮ ಉಬ್ಬಿ ಸಣ್ಣ ಗುಳ್ಳೆಗಳೇಳುತ್ತವೆ. ಆದರೆ ಹಸಿ ಚರ್ಮವನ್ನು ನೇರವಾಗಿ ಹೆಚ್ಚು ಉರಿಗೆ ಒಡ್ಡಿದರೆ ಅದು ಮೆದುವಾಗುವ ಮೊದಲೇ ಒಣಗಿ ಚಕ್ಕಳವಾಗುತ್ತದೆ. ಆದ್ದರಿಂದ ಮೊದಲು ಮಧ್ಯಮ ಶಾಖ, ಕೊನೆಗೆ ಹೆಚ್ಚು ಶಾಖ.

ಒಳಗಿನ ಮಾಂಸದ ಗುಣ ಬೇರೆ. ಶಾಖ 60 ಡಿಗ್ರಿ ದಾಟಿದಂತೆ ಅದರ ಎಳೆಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಬೆನ್ನಿನ ಕೊಬ್ಬಿಲ್ಲದ ಮಾಂಸ 75 ಡಿಗ್ರಿ ದಾಟಿದರೆ ಹೊಟ್ಟಿನಂತಾಗುತ್ತದೆ. ಹೊಟ್ಟೆಯ ಭಾಗ ಮತ್ತು ಭುಜದ ಮಾಂಸದಲ್ಲಿ ಕೊಬ್ಬು, ನಾರು ಎರಡೂ ಇವೆ. ಕೊಬ್ಬು ಕರಗಿ, ನಾರು ಮೆತ್ತಗಾಗಿ ಅಂಟಂಟಾಗುವುದರಿಂದ 80 ಡಿಗ್ರಿಯಲ್ಲೂ ಬಾಯಿಗೆ ರಸವೆನಿಸುತ್ತದೆ. ಹೊಸಬರು ಈ ಭಾಗಗಳಿಂದ ಆರಂಭಿಸುವುದು ಒಳ್ಳೆಯದು.

ಮಾಂಸ ಕೊಳ್ಳುವಾಗ

ಚರ್ಮಸಹಿತವಾದ ಹೊಟ್ಟೆಯ ಭಾಗವನ್ನು ಒಂದು ಕಿಲೋ ಕೇಳಿ, ಒಂದೂವರೆ ಅಂಗುಲ ದಪ್ಪದ ಎರಡು ತುಂಡು ಮಾಡಿಸಬೇಕು. ಮಾಂಸ ತಿಳಿಗೆಂಪಾಗಿ, ಕೊಬ್ಬು ಬೆಳ್ಳಗೆ ಗಟ್ಟಿಯಾಗಿರಬೇಕು. ಎಳೆಗಳ ನಡುವೆ ಅಕ್ಕಿಕಾಳಿನಷ್ಟೋ ಸಾಬುದಾನಿಯಷ್ಟೋ ದೊಡ್ಡ ಬಿಳಿ ಗುಳ್ಳೆಗಳು ಕಂಡರೆ ಆ ಮಾಂಸ ಬೇಡವೇ ಬೇಡ. ಅವು ಲಾಡಿಹುಳುವಿನ ಮರಿಗಳು. ಗುಳ್ಳೆ ಕಾಣಲಿಲ್ಲವೆಂದ ಮಾತ್ರಕ್ಕೆ ಹುಳುವಿಲ್ಲವೆಂದು ಹೇಳುವಂತಿಲ್ಲ. ಕಾಡುಹಂದಿಯ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿರುವುದರಿಂದ ಇಲ್ಲಿ ಹೇಳಿರುವುದೆಲ್ಲ ಸಾಕಿದ ಹಂದಿಯ ವಿಷಯ.

ಹಿಂದಿನ ದಿನದ ಸಿದ್ಧತೆ

ಚರ್ಮದ ಮೇಲೆ ಉಳಿದ ಕೂದಲನ್ನು ಸುಟ್ಟು, ಕೆರೆದು, ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಚೂಪಾದ ಕಡ್ಡಿಯಿಂದ ಚರ್ಮಕ್ಕೆ ಒತ್ತಾಗಿ ಚುಚ್ಚಬೇಕು. ಚುಚ್ಚು ಚರ್ಮ ದಾಟಿ ಮಾಂಸಕ್ಕೆ ಇಳಿಯಬಾರದು. ಇಳಿದರೆ ರಸ ಮೇಲೆ ಬಂದು ಚರ್ಮ ಒದ್ದೆಯಾಗುತ್ತದೆ. ಅನಂತರ ಚರ್ಮಕ್ಕೆ ಉಪ್ಪು ಸವರಿ, ತಟ್ಟೆಯಲ್ಲಿ ಚರ್ಮ ಮೇಲಾಗಿಟ್ಟು, ಮುಚ್ಚಳವಿಲ್ಲದೆ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ರಾತ್ರಿಯಿಡೀ ಬಿಡಬೇಕು. ಬೇರೆ ತಿನಿಸುಗಳು ಅದರ ಕೆಳಗಿರಬಾರದು.

ಆಷಾಢದ ಮಳೆಯಲ್ಲಿ ಹಪ್ಪಳವೇ ಒಣಗುವುದಿಲ್ಲ. ಮಾಂಸವನ್ನು ಹೊರಗಿಟ್ಟರೆ ಒಣಗದು, ಕೆಡುವುದು ಖಂಡಿತ. ಕರೆಂಟು ನೆಚ್ಚುವಂತಿಲ್ಲದಿದ್ದರೆ ಚರ್ಮದ ಮೇಲೆ ಕಲ್ಲುಪ್ಪನ್ನು ದಪ್ಪಗೆ ಹರಡಿ ಒಂದು ಗಂಟೆ ಬಿಟ್ಟು, ಉಪ್ಪನ್ನೆಲ್ಲ ಕೊಡವಿ, ಒಣಬಟ್ಟೆಯಿಂದ ಒತ್ತಿ ಒರೆಸಿದರೂ ಬಹುಮಟ್ಟಿಗೆ ಕೆಲಸವಾಗುತ್ತದೆ.

ಮಸಾಲೆ

ಪಂದಿ ಕರಿಯ ಕಪ್ಪು ಮಸಾಲೆಯೇ ಇದಕ್ಕೂ ಹೊಂದುತ್ತದೆ. ಒಂದು ಕಿಲೋಗೆ ಎರಡು ಚಮಚ ಕೊತ್ತಂಬರಿ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಇವನ್ನು ಹುರಿದು ಪುಡಿ ಮಾಡಿ, ಹತ್ತು ಎಸಳು ಬೆಳ್ಳುಳ್ಳಿ, ನಾಲ್ಕೈದು ಸೂಜಿಮೆಣಸು, ಸ್ವಲ್ಪ ಅರಿಸಿನ ಮತ್ತು ಉಪ್ಪಿನೊಡನೆ ಗಟ್ಟಿಯಾಗಿ ಅರೆಯಬೇಕು. ಕರಿಗೆ ಹುರಿಯುವಷ್ಟು ಕಪ್ಪಗೆ ಹುರಿಯಬಾರದು. ಯಂತ್ರದ ಬಿಸಿಗಾಳಿಯಲ್ಲಿ ಅದು ಇನ್ನೂ ಹುರಿದು ಕಹಿಯಾಗುತ್ತದೆ.

ಹುಳಿಗೆ ಒಂದು ಚಮಚ ಕಾಚಂಪುಳಿ ಸಾಕು. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿ ಮಾಡಿದ್ದೇ ಇದು. ಹೆಚ್ಚಾದರೆ ಬಾಯಿ ಒಗರಾಗುತ್ತದೆ. ಮಸಾಲೆ, ಹುಳಿ ಎರಡನ್ನೂ ಮಾಂಸದ ಬದಿಗೆ ಮಾತ್ರ ಹಚ್ಚಬೇಕು. ಕಷ್ಟಪಟ್ಟು ಒಣಗಿಸಿದ ಚರ್ಮವನ್ನು ಮತ್ತೆ ಒದ್ದೆ ಮಾಡುವುದು ಬೇಡ.

ಬೇಯಿಸುವ ಕ್ರಮ

ಯಂತ್ರವನ್ನು ಐದು ನಿಮಿಷ ಕಾಯಿಸಿ, ಚರ್ಮ ಮೇಲಿರುವಂತೆ ತುಂಡುಗಳನ್ನು ನಡುವೆ ಅಂತರ ಬಿಟ್ಟು ಇಡಬೇಕು. ಬುಟ್ಟಿಯ ಕೆಳಗಿನ ತಟ್ಟೆಗೆ ನಾಲ್ಕು ಚಮಚ ನೀರು ಹಾಕಿದರೆ ಬಿದ್ದ ಕೊಬ್ಬು ಹೊಗೆಯಾಡುವುದಿಲ್ಲ. 160 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ಬಳಿಕ 200 ಡಿಗ್ರಿಗೆ ಏರಿಸಿ 10ರಿಂದ 15 ನಿಮಿಷ. ಈ ಕೊನೆಯ ಹಂತದಲ್ಲಿ ಪಕ್ಕದಲ್ಲೇ ಇದ್ದು ಆಗಾಗ ನೋಡಬೇಕು. ಗುಳ್ಳೆಯೇಳುವುದಕ್ಕೂ ಕರಕಲಾಗುವುದಕ್ಕೂ ನಡುವೆ ಹೆಚ್ಚು ಹೊತ್ತಿಲ್ಲ. ಹೊರತೆಗೆದ ಮೇಲೆ ಹತ್ತು ನಿಮಿಷ ಮುಚ್ಚದೆ ಬಿಟ್ಟು ಕತ್ತರಿಸಿದರೆ ರಸ ಮಣೆಯ ಮೇಲೆ ಹರಿಯದೆ ಮಾಂಸದಲ್ಲಿ ನಿಲ್ಲುತ್ತದೆ. ಮುಚ್ಚಿಟ್ಟರೆ ಹಬೆಯಿಂದ ಗರಿ ಹೋಗುತ್ತದೆ. ಜೊತೆಗೆ ಕಡಂಬುಟ್ಟು ಅಥವಾ ಅಕ್ಕಿರೊಟ್ಟಿ ಇರಲಿ.

ಇಷ್ಟೆಲ್ಲದರ ನಡುವೆ ಬಿಡಲೇಬಾರದ ಕೆಲಸ ಒಂದಿದೆ. ಮಾಂಸ ಚುಚ್ಚಿ ನೋಡುವ ಉಷ್ಣಮಾಪಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರ ಮೊನೆಯನ್ನು ತುಂಡಿನ ನಡುಭಾಗಕ್ಕೆ ಇಳಿಸಿ ನೋಡಬೇಕು. ಹೊಟ್ಟೆ, ಭುಜದ ಭಾಗಕ್ಕೆ ಕನಿಷ್ಠ 75 ಡಿಗ್ರಿ, ಬೆನ್ನಿನ ಮಾಂಸಕ್ಕೆ 70 ಡಿಗ್ರಿ ಎಂಬುದು ನಮ್ಮ ಸಲಹೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡುಗಳಿಗೆ ಹಿಂದೆ 71 ಡಿಗ್ರಿ ಎನ್ನುತ್ತಿದ್ದದ್ದನ್ನು 2011ರಲ್ಲಿ 63 ಡಿಗ್ರಿಗೆ ಇಳಿಸಿ, ಇಳಿಸಿದ ಮೇಲೆ 3 ನಿಮಿಷ ಬಿಡಬೇಕೆಂದು ಹೇಳಿತು. ಕೈಮಾಕ್ಕೆ 71 ಡಿಗ್ರಿಯನ್ನೇ ಉಳಿಸಿತು. ಅದು ಕಟ್ಟಿ ಸಾಕಿ, ತಪಾಸಣೆ ಮಾಡಿ ಮಾರುವ ಮಾಂಸದ ಮಾತು. ಬೀದಿಯಲ್ಲಿ ಮೇಯುವ ಹಂದಿಗಳೂ ಇರುವ ನಮ್ಮಲ್ಲಿ ಕೆಲವು ಡಿಗ್ರಿ ಮೇಲಿರುವುದೇ ಕ್ಷೇಮ.

ಗಡಿಯಾರ ಏಕೆ ಸಾಲದು?

ಯಂತ್ರದ ಪುಸ್ತಿಕೆಯಲ್ಲಿ ಕೊಟ್ಟ ನಿಮಿಷಗಳು 230 ವೋಲ್ಟಿನ ಲೆಕ್ಕದವು. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಎಷ್ಟಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ವೋಲ್ಟೇಜು ಇಳಿದರೆ ಕಾಯುವ ಸುರುಳಿಯ ಶಕ್ತಿ ಅದಕ್ಕಿಂತ ಬೇಗ ಇಳಿಯುತ್ತದೆ. 230 ವೋಲ್ಟಿನಲ್ಲಿ 1500 ವಾಟ್ ಕೊಡುವ ಸುರುಳಿ 180 ವೋಲ್ಟಿನಲ್ಲಿ ಕೊಡುವುದು ಸುಮಾರು 920 ವಾಟ್ ಮಾತ್ರ. ಅಂಥ ಸಂಜೆ ನಲವತ್ತು ನಿಮಿಷ ಮುಗಿದು ಗಂಟೆ ಬಾರಿಸಿದರೂ ಮಾಂಸದ ನಡುಭಾಗ ಬೆಂದಿರುತ್ತದೆಂಬ ಭರವಸೆಯಿಲ್ಲ. ನಡುವೆ ಕರೆಂಟು ಹೋಗಿ ಬಂದರಂತೂ ನಿಮಿಷಗಳ ಲೆಕ್ಕವೇ ಇಲ್ಲ.

1500 ವಾಟಿನ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಹಳೆಯ ವೈರಿಂಗಿನ ಸಣ್ಣ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಸಿಕ್ಕಿಸಬಾರದು. ದೀಪಕ್ಕೂ ಫ್ಯಾನಿಗೂ ಹಾಕಿಸಿಕೊಂಡ ಸಣ್ಣ ಇನ್ವರ್ಟರ್ ಇದನ್ನು ಎಳೆಯದು. ಖರ್ಚಿನ ಮಾತಾದರೆ ಇಡೀ ಒಂದು ಗಂಟೆ ಓಡಿದರೂ ಒಂದೂವರೆ ಯೂನಿಟ್ಟಿಗೆ ಮೀರುವುದಿಲ್ಲ.

ಹಂದಿಮಾಂಸ ಮುಟ್ಟದವರೂ ಓದಬೇಕಾದ ಭಾಗ

ನಮ್ಮ ಸದಸ್ಯರಲ್ಲಿ, ವಿಶೇಷವಾಗಿ ಅಡಿಕೆ ಬೆಳೆಗಾರರಲ್ಲಿ, ಸಸ್ಯಾಹಾರಿಗಳು ಬಹಳ ಮಂದಿ. ಈ ವಿಷಯ ಅವರಿಗೂ ಸಂಬಂಧಿಸಿದೆ.

ಅರೆಬೆಂದ ಮಾಂಸದಲ್ಲಿರುವ ಮರಿ ತಿಂದವನ ಕರುಳಿನಲ್ಲಿ ಬೆಳೆದು ಲಾಡಿಹುಳುವಾಗುತ್ತದೆ. ಅವನಿಗೆ ಹೆಚ್ಚಿನ ತೊಂದರೆ ಕಾಣದೆಯೂ ಇರಬಹುದು. ಆದರೆ ಅವನ ಮಲದಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುತ್ತವೆ. ಅವು ಬಯಲಿನಿಂದ ನೀರಿಗೆ, ಸೊಪ್ಪುತರಕಾರಿಗೆ, ಕೈಗೆ ಅಂಟಿ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿಗಳು ರಕ್ತದ ಮೂಲಕ ಮೆದುಳಿಗೂ ಹೋಗಿ ನೆಲೆಸುತ್ತವೆ. ಆಗ ಬರುವುದು ಮೂರ್ಛೆರೋಗ. ಈ ಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಸುಮಾರು ಶೇ. 30ರಷ್ಟಕ್ಕೆ ಇದರ ಸಂಬಂಧವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗೆ ಒಂದು ಮನೆಯ ಅರೆಬೆಂದ ಊಟದ ಫಲವನ್ನು ಮಾಂಸವನ್ನೇ ಕಾಣದ ಇನ್ನೊಂದು ಮನೆಯ ಮಗು ಅನುಭವಿಸಬೇಕಾಗುತ್ತದೆ.

ಇದನ್ನು ತಡೆಯುವುದು ಕಷ್ಟವಲ್ಲ. ಮಾಂಸ ಪೂರ್ತಿ ಬೇಯಬೇಕು. ಕಾರ್ಮಿಕರ ಲೈನು ಮನೆಗಳಿಗೂ ಬಾಗಿಲು, ನೀರು ಇರುವ ಶೌಚಾಲಯ ಇರಬೇಕು. ಹಂದಿಗಳು ಬಯಲಿಗೆ ಹೋಗದಂತೆ ಕಟ್ಟಿ ಸಾಕಬೇಕು. ಹಸಿ ತಿನ್ನುವ ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆಯಬೇಕು.

ಉಳಿದ ಚೂರು, ತೊಳೆದ ನೀರು

ಮಾಂಸದ ಹಸಿ ಚೂರುಗಳನ್ನೂ ತೊಳೆದ ನೀರನ್ನೂ ಮನೆಯ ಹಂದಿಗೂಡಿಗೆ ಹಾಕುವ ಅಭ್ಯಾಸವಿದ್ದರೆ ಬಿಡಬೇಕು. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗಲುವುದಿಲ್ಲ. ಆದರೆ ಮಾಂಸದ ಚೂರಿನಿಂದಲೂ ಹರಡಿ ಗೂಡನ್ನೇ ಬರಿದು ಮಾಡುತ್ತದೆ. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಈ ರೋಗ 2022ರಲ್ಲಿ ಕೊಡಗಿನ ಗಡಿಗೆ ತಾಗಿದ ವಯನಾಡಿಗೂ ಬಂದಿತು. ಅದಕ್ಕೆ ಔಷಧಿಯಿಲ್ಲ. ಚೂರುಗಳನ್ನು ಆಳವಾಗಿ ಹೂಳುವುದೇ ಸರಿ. ತಟ್ಟೆಯಲ್ಲಿ ಇಳಿದ ಕೊಬ್ಬನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ನೀರಿನಿಂದ ಬೇರ್ಪಡಿಸಿ, ಸೋಸಿ ಫ್ರಿಜ್ಜಿನಲ್ಲಿಟ್ಟರೆ ಒಗ್ಗರಣೆಗೆ ಬರುತ್ತದೆ.

ಕೊಳ್ಳಬೇಕೇ?

ಎಣ್ಣೆ ಹಾಕದ ಮಾತ್ರಕ್ಕೆ ಹಂದಿಮಾಂಸ ಪಥ್ಯದ ಊಟವಾಗುವುದಿಲ್ಲ. ಒಂದಿಷ್ಟು ಕೊಬ್ಬು ಕೆಳಗಿಳಿದರೂ ಬಹುಪಾಲು ತುಂಡಿನಲ್ಲೇ ಇರುತ್ತದೆ. ಬೆಲೆ ಇಳಿದ ವರ್ಷ ಇದಕ್ಕಾಗಿ ಸಾಲ ಮಾಡುವ ಅಗತ್ಯವೂ ಇಲ್ಲ. ಮೂರು ನಾಲ್ಕು ಜನರ ಮನೆಯಲ್ಲಿ, ಹೊಗೆಯಿಲ್ಲದೆ, ಒಲೆಯ ಮುಂದೆ ನಿಲ್ಲದೆ ಊಟ ಸಿದ್ಧವಾಗಬೇಕೆನ್ನುವವರಿಗೆ ಯಂತ್ರ ಉಪಯುಕ್ತ. ಹಪ್ಪಳ, ಗೋಡಂಬಿ, ಬಾಳೆಕಾಯಿ ಹೋಳುಗಳೂ ಅದರಲ್ಲಿ ಚೆನ್ನಾಗಿ ಆಗುತ್ತವೆ. ಮಾಂಸ ಬೇಯಿಸುವವರು ಯಂತ್ರದ ಜೊತೆಯಲ್ಲೇ ಉಷ್ಣಮಾಪಕವನ್ನೂ ಕೊಳ್ಳಬೇಕು. ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಅಂಥದೊಂದು ಸಾಕು. ಮದ್ದು ಹೊಡೆಯುವ ಪಂಪನ್ನು ಹಂಚಿಕೊಳ್ಳುವ ನಮಗೆ ಇದನ್ನು ಹಂಚಿಕೊಳ್ಳುವುದು ಹೆಚ್ಚಲ್ಲ.