ಐದು ಜನ ಸೇರಿದರೆ ಖರ್ಚು ಕಡಿಮೆಯೇ?

ಪದವಿಯ ಕೊನೆಯ ಪರೀಕ್ಷೆ ಮುಗಿದ ವಾರ ಗೆಳೆಯರ ಗುಂಪಿನಲ್ಲಿ ಯಾರಾದರೊಬ್ಬರು ಮಾತು ತೆಗೆಯುತ್ತಾರೆ: ಹೈದರಾಬಾದ್, ಕಾಶಿ, ದೆಹಲಿ, ಅಮೃತಸರ ಸುತ್ತಿ ಬರೋಣ. ನಾಲ್ಕು ದಿನ ಭರ್ಜರಿ ಚರ್ಚೆ ನಡೆದು, ಐದನೇ ದಿನ ಮಾತು ತಣ್ಣಗಾಗುತ್ತದೆ. ದುಡ್ಡಿಲ್ಲ ಎಂಬುದು ಹೇಳುವ ಕಾರಣ. ನಾನು ಕಂಡಂತೆ, ಎಷ್ಟೋ ಪ್ರವಾಸಗಳು ನಿಂತುಹೋಗುವುದು, ಇಲ್ಲವೇ ಅರ್ಧದಲ್ಲೇ ಜೇಬು ಖಾಲಿ ಮಾಡುವುದು, ಯಾರೂ ಪರೀಕ್ಷಿಸಿ ನೋಡದ ನಂಬಿಕೆಗಳಿಂದ. ಬೆನ್ನಿಗೊಂದು ಚೀಲ ಹಾಕಿಕೊಂಡು ಈ ದೇಶದ ಊರುಗಳನ್ನು ನೋಡುವ ವಯಸ್ಸು ಹಾಗೆ ಕಳೆದುಹೋಗಬಾರದು.

ಮೊದಲನೆಯ ನಂಬಿಕೆ, ಜನ ಹೆಚ್ಚಿದಷ್ಟೂ ತಲಾ ಖರ್ಚು ಕಡಿಮೆ ಎಂಬುದು. ಇದು ಅರ್ಧ ಮಾತ್ರ ನಿಜ. ಆಟೋದಲ್ಲಿ ಕೂರಿಸಲು ಪರವಾನಗಿ ಇರುವುದು ಮೂವರನ್ನು. ಸಾಮಾನ್ಯ ಲಾಡ್ಜಿನಲ್ಲಿ ಕೋಣೆ ಇಬ್ಬರಿಗೆ, ಎಕ್ಸ್‌ಟ್ರಾ ಬೆಡ್ ಹಾಕಿಸಿದರೆ ಮೂವರಿಗೆ. ಸಣ್ಣ ಟ್ಯಾಕ್ಸಿಯಲ್ಲಿ ನಾಲ್ವರು. ರೈಲ್ವೆಯಲ್ಲಿ ಒಂದು ಪಿಎನ್‌ಆರ್‌ಗೆ ಆರು ಹೆಸರು, ತತ್ಕಾಲ್ ಆದರೆ ನಾಲ್ಕೇ. ಈಗ ಐದು ಜನರ ಗುಂಪನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಲ್ದಾಣದ ಹೊರಗೆ ಚೀಲ ಹೊತ್ತು ನಿಂತಿದ್ದಾರೆ. ಒಂದು ಆಟೋ ಸಾಲದು, ಎರಡು ಬೇಕು. ಮೊದಲ ಆಟೋದವನ ಜೊತೆ ಒಬ್ಬ ಚೌಕಾಸಿ ಮಾಡಿ ದರ ಇಳಿಸುತ್ತಾನೆ, ಎರಡನೆಯವನು ಆ ದರಕ್ಕೆ ಒಪ್ಪುವುದಿಲ್ಲ. ಅಷ್ಟರಲ್ಲಿ ಮೂವರು ಹತ್ತಿ ಕೂತಾಗಿದೆ, ಉಳಿದಿಬ್ಬರು ಕೇಳಿದಷ್ಟು ಕೊಟ್ಟು ಹೊರಡುತ್ತಾರೆ. ಲಾಡ್ಜಿನಲ್ಲೂ ಇದೇ ಕಥೆ: ಎರಡು ಕೋಣೆ, ಎರಡನೆಯದರಲ್ಲಿ ಇಬ್ಬರೇ. ತಲಾ ಲೆಕ್ಕ ಹಾಕಿದರೆ ಮೂವರ ಗುಂಪಿಗೆ ಬಿದ್ದದ್ದಕ್ಕಿಂತ ಹೆಚ್ಚೇ ಆಗಿರುತ್ತದೆ.

ಹಾಗೆಂದು ಗೆಳೆಯರನ್ನು ಬಿಟ್ಟು ಹೋಗಬೇಕಿಲ್ಲ. ಮೂವರು ಅಥವಾ ಆರು ಮಂದಿಯಾದರೆ ಲೆಕ್ಕ ಸಲೀಸು. ನಾಲ್ಕೋ ಐದೋ ಆದರೆ, ತಲೆಗಿಷ್ಟು ಎಂದು ದರವಿರುವುದನ್ನೇ ಹಿಡಿಯಬೇಕು: ಮೆಟ್ರೋ, ಸಿಟಿ ಬಸ್, ಲೋಕಲ್ ರೈಲು, ಡಾರ್ಮಿಟರಿ. ಅಲ್ಲಿ ಗುಂಪಿನ ಗಾತ್ರದಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ.

ಇದರ ಬೆನ್ನಿಗೇ ಇನ್ನೊಂದು: "ನಾವೆಲ್ಲ ಫ್ರೆಂಡ್ಸ್, ಲೆಕ್ಕ ಯಾಕೆ?" ಸಲಿಗೆ ಇರುವ ಕಡೆಯೇ ಲೆಕ್ಕ ಬೇಕು. ಚಹಾದ ದುಡ್ಡು ಸದಾ ಒಬ್ಬನೇ ಕೊಟ್ಟು, ಬಾಯಿಬಿಟ್ಟು ಕೇಳಲಾಗದೆ ಮುನಿಸಿಕೊಂಡ ಗೆಳೆತನಗಳು ಎಷ್ಟೋ ಇವೆ. ಬೆಳಗ್ಗೆ ಎಲ್ಲರೂ ಸಮನಾಗಿ ಹಾಕಿ ಒಂದು ಸಾಮಾನ್ಯ ಪರ್ಸ್ ಮಾಡಿ, ಅಂದಿನ ಊಟ, ಓಡಾಟ ಎಲ್ಲ ಅದರಿಂದಲೇ. ಪರ್ಸ್ ದಿನಕ್ಕೊಬ್ಬರ ಕೈಯಲ್ಲಿರಲಿ. ಐಸ್‌ಕ್ರೀಮು, ಶಾಪಿಂಗು ಅವರವರ ಸ್ವಂತದ್ದು.

ರೈಲಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು, ಅದರ ಬೆಲೆಯೂ ಹೆಚ್ಚು. "ವೇಟಿಂಗ್ ಲಿಸ್ಟ್ ಇದ್ದರೇನು, ಸ್ಲೀಪರ್‌ಗೆ ಹತ್ತಿ ಟಿಟಿಯನ್ನು ಕೇಳಿಕೊಂಡರಾಯಿತು" ಎಂದು ಈಗಲೂ ಹೇಳುವವರಿದ್ದಾರೆ. ಆನ್‌ಲೈನ್ ಟಿಕೆಟ್‌ನಲ್ಲಿ ಎಲ್ಲ ಹೆಸರೂ ವೇಟಿಂಗ್‌ನಲ್ಲೇ ಉಳಿದರೆ ಚಾರ್ಟ್ ಆಗುವಾಗ ಅದು ತಾನಾಗಿ ರದ್ದಾಗಿ ಹಣ ಮರಳುತ್ತದೆ. ಆಮೇಲೆ ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು, ದಂಡ ಕಟ್ಟಬೇಕು. ಕೌಂಟರಿನಲ್ಲಿ ಕೊಂಡ ವೇಟಿಂಗ್ ಟಿಕೆಟ್ ಹಿಡಿದೂ ಕಾಯ್ದಿರಿಸಿದ ಬೋಗಿಗೆ ಹತ್ತುವಂತಿಲ್ಲ. ಆರ್‌ಎಸಿ ಎಂದು ಬಂದರೆ ಮಾತ್ರ ಹೆದರಿ ರದ್ದು ಮಾಡಬೇಡಿ. ಆರ್‌ಎಸಿ ಇದ್ದರೆ ರೈಲು ಹತ್ತುವ ಹಕ್ಕು ಖಾತ್ರಿ: ಸೈಡ್ ಲೋಯರ್ ಬರ್ತನ್ನು ಇಬ್ಬರು ಹಂಚಿಕೊಂಡು ಕೂರಬೇಕು, ಯಾರಾದರೂ ಬಾರದೆ ಬರ್ತ್ ಖಾಲಿಯಾದರೆ ಸರದಿಯಂತೆ ಸಿಗುತ್ತದೆ. ಇಬ್ಬರು ಗೆಳೆಯರಿಗೆ ಒಟ್ಟಿಗೇ ಆರ್‌ಎಸಿ ಬಂದು ಎದುರುಬದುರು ಕೂತರೆ ರಾತ್ರಿ ಹರಟೆಯಲ್ಲೇ ಕಳೆಯುತ್ತದೆ.

ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕೆಂಬುದೂ ಹಳೆಯ ಮಾತು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆ 120 ದಿನದಿಂದ 60 ದಿನಕ್ಕೆ ಇಳಿದಿದೆ. ಎರಡು ತಿಂಗಳು ಮೊದಲು ಕೂತು ದಿನಾಂಕ ಗೊತ್ತುಮಾಡಿದರೆ ಸಾಕು. ತತ್ಕಾಲ್ ಇದೆಯಲ್ಲ ಎಂದು ಕೈಕಟ್ಟಿ ಕೂರುವುದು ದುಬಾರಿ. ಹೆಚ್ಚುವರಿ ಶುಲ್ಕದ ಜೊತೆಗೆ, ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ.

ನಾಲ್ಕೈದು ಊರು ಸುತ್ತುವವರಿಗೆ ಉಪಯೋಗವಾಗುವ, ಆದರೆ ಬಹಳ ಜನಕ್ಕೆ ಗೊತ್ತೇ ಇಲ್ಲದ ಒಂದು ಸೌಲಭ್ಯವಿದೆ: ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ನಿಲ್ದಾಣಕ್ಕೇ ಮರಳಿ ಬರುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಎಂಟು ಕಡೆವರೆಗೆ ಇಳಿದು ತಂಗಬಹುದು. ರೈಲ್ವೆಯಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಬಿಡಿಬಿಡಿ ಟಿಕೆಟ್ ಕೊಂಡರೆ ಈ ಇಳಿಕೆ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತದೆ, ಒಂದೇ ಟಿಕೆಟ್ ಆದರೆ ಇಡೀ ಸುತ್ತಿಗೆ ಸಿಗುತ್ತದೆ. ಇದು ಆ್ಯಪ್‌ನಲ್ಲಿ ಸಿಗುವುದಿಲ್ಲ. ದೊಡ್ಡ ನಿಲ್ದಾಣಕ್ಕೆ ಹೋಗಿ, ಎಲ್ಲೆಲ್ಲಿ ಇಳಿಯುತ್ತೀರಿ ಎಂದು ಬರೆದುಕೊಟ್ಟು ಮಾಡಿಸಬೇಕು, ಪ್ರತಿ ರೈಲಿಗೂ ಬರ್ತ್ ಬೇರೆ ಕಾಯ್ದಿರಿಸಬೇಕು. ಒಂದು ದಿನದ ಓಡಾಟ ಹಿಡಿಸಿದರೂ ದೂರದ ಸುತ್ತಿಗೆ ಖಂಡಿತ ಸಾರ್ಥಕ.

ಅಗ್ಗದ ಕೋಣೆಯ ಬಗ್ಗೆ ಒಂದೇ ಮಾತು: ಮೊಬೈಲಿನಲ್ಲಿ ಕಾಣುವ ಬಾಡಿಗೆಗೆ ಎರಡು ಹೊತ್ತಿನ ಆಟೋ ದರ ಸೇರಿಸಿ ನೋಡಿ. ಊರಾಚೆಯ ಅಗ್ಗದ ಕೋಣೆಗಿಂತ ಮೆಟ್ರೋ ಪಕ್ಕದ ಕೋಣೆ ಹಲವು ಸಲ ಸೋವಿಯಾಗುತ್ತದೆ. ಇನ್ನು, ರೈಲ್ವೆಯ ರಿಟೈರಿಂಗ್ ರೂಮು ಅಧಿಕಾರಿಗಳಿಗಷ್ಟೇ ಎಂದುಕೊಂಡವರಿದ್ದಾರೆ. ಖಚಿತ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಇದ್ದರೆ ಯಾರು ಬೇಕಾದರೂ ಕಾಯ್ದಿರಿಸಬಹುದು, ಹಲವು ಕಡೆ ಡಾರ್ಮಿಟರಿ ಹಾಸಿಗೆಗಳೂ ಇವೆ. ತಂಗದೆ ಹಗಲಿಡೀ ಊರು ಸುತ್ತಿ ರಾತ್ರಿ ರೈಲು ಹಿಡಿಯುವವರು ಕ್ಲೋಕ್‌ರೂಮಿನಲ್ಲಿ ಚೀಲ ಇಡಬಹುದು. ಚೀಲಕ್ಕೆ ಬೀಗ ಇರಬೇಕು, ಟಿಕೆಟ್ ತೋರಿಸಬೇಕು. ಕಾಶಿಯಲ್ಲಿ ಹನುಮಾನ್ ಘಾಟ್ ಬಳಿ ಕರ್ನಾಟಕದ ಛತ್ರವಿದೆ, ಜಂಗಮವಾಡಿ ಮಠವಿದೆ. ಎರಡೂ ಕಡೆ ಕನ್ನಡ ನಡೆಯುತ್ತದೆ. ಮೊದಲೇ ವಿಚಾರಿಸಿ ಹೋಗಿ.

ಹುಡುಗ ಹುಡುಗಿಯರು ಕೂಡಿ ಹೋದರೆ ಕೋಣೆ ಕೊಡುವುದು ಕಾನೂನಿಗೆ ವಿರುದ್ಧ ಎಂದು ಲಾಡ್ಜಿನವರೇ ಹೇಳುವುದುಂಟು. ಅಂಥ ಕಾನೂನು ಯಾವುದೂ ಇಲ್ಲ. ಮದುವೆಯಾಗದ ವಯಸ್ಕರು ಹೋಟೆಲಿನಲ್ಲಿ ತಂಗುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಕೆಲವು ಲಾಡ್ಜುಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ನಡುರಾತ್ರಿ ಕೌಂಟರಿನಲ್ಲಿ ವಾದಿಸುವ ಬದಲು ಬುಕ್ ಮಾಡುವ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಗುರುತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

"ಬೀದಿಬದಿ ತಿಂದರೆ ಹೊಟ್ಟೆ ಕೆಡುತ್ತದೆ" ಎಂದು ಎಲ್ಲ ಮನೆಯಲ್ಲೂ ಹೇಳಿಕಳಿಸುತ್ತಾರೆ. ಹೊಟ್ಟೆ ಕೆಡಿಸುವುದು ಬೀದಿಯಲ್ಲ, ಖಾರವೂ ಅಲ್ಲ. ಕೊಳಕು ನೀರು ಮತ್ತು ಮಾಡಿಟ್ಟು ಆರಿದ ಊಟ. ಕಣ್ಣೆದುರೇ ಕಾವಲಿಯಿಂದ ಇಳಿದ ಬಿಸಿ ಪರಾಠ, ಆಗಷ್ಟೇ ಕುದಿದ ಚಹಾ, ಸಿಪ್ಪೆ ನೀವೇ ಸುಲಿದ ಬಾಳೆಹಣ್ಣು ಕ್ಷೇಮ. ಅದೇ ಗಾಡಿಯ ನೀರುನೀರು ಚಟ್ನಿ, ಐಸು, ಹೆಚ್ಚಿಟ್ಟ ಹಣ್ಣು ಅಪಾಯ. ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕಲಸಿ ಆಗಾಗ ಕುಡಿಸಿ. ರಕ್ತ ಕಂಡರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಬೇಕು.

ಅಮೃತಸರದ ಸ್ವರ್ಣಮಂದಿರದ ಲಂಗರ್‌ಗೆ ಹೋಗಲು ನಮ್ಮ ಹುಡುಗರು ಹಿಂಜರಿಯುವುದನ್ನು ನೋಡಿದ್ದೇನೆ. ಅದು ಬಡವರಿಗೆ, ಇಲ್ಲವೇ ಸಿಖ್ಖರಿಗೆ, ನಾವು ಉಂಡರೆ ತಪ್ಪು ಎಂಬ ಅಳುಕು. ಲಂಗರ್ ಇರುವುದೇ ಎಲ್ಲರೂ ಒಂದೇ ನೆಲದ ಮೇಲೆ ಕೂತು ಉಣ್ಣಲಿ ಎಂದು. ಹಗಲೂ ರಾತ್ರಿ ನಡೆಯುತ್ತದೆ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ಉದ್ದದ ಹಾಸಿನ ಮೇಲೆ ಪಂಕ್ತಿ, ಎದುರಿಗೆ ಸ್ಟೀಲ್ ತಟ್ಟೆ. ಬಕೆಟ್ ಹಿಡಿದವರು ದಾಲ್ ಬಡಿಸಿ ಮುಂದೆ ಹೋಗುತ್ತಾರೆ. ರೊಟ್ಟಿ ಬಂದಾಗ ಎರಡೂ ಕೈ ಚಾಚಿ ಪಡೆಯಬೇಕು. ಕೇಳಿದಷ್ಟು ಬಡಿಸುತ್ತಾರೆ, ತಟ್ಟೆಯಲ್ಲಿ ಬಿಡಬಾರದು. ಪುಕ್ಕಟೆ ಉಂಡ ಸಂಕೋಚ ಕಾಡಿದರೆ ಪಾತ್ರೆ ತೊಳೆಯುವಲ್ಲಿ, ಬೆಳ್ಳುಳ್ಳಿ ಬಿಡಿಸುವಲ್ಲಿ ಹೋಗಿ ಸೇರಿಕೊಳ್ಳಿ. ಯಾರೂ ನಿಮ್ಮ ಹೆಸರು, ಜಾತಿ ಕೇಳುವುದಿಲ್ಲ.

ಸ್ಮಾರಕಗಳ ಪ್ರವೇಶದರ ಜೇಬು ಸುಡುತ್ತದೆ ಎಂಬುದು ವಿದೇಶಿಯರ ದರಪಟ್ಟಿ ನೋಡಿ ಹುಟ್ಟಿದ ಮಾತು. ತಾಜ್ ಮಹಲಿಗೆ ಭಾರತೀಯರಿಗೆ 50 ರೂಪಾಯಿ, ಮುಖ್ಯ ಸಮಾಧಿಯೊಳಗೆ ಹೋಗಲು ಇನ್ನೂ 200. ಬೇರೆ ಎಷ್ಟೋ ಕಡೆ ಇದಕ್ಕಿಂತ ಕಡಿಮೆ. ನಷ್ಟವಾಗುವುದು ರಜೆಯ ದಿನ ಹೋಗಿ ನಿಂತಾಗ: ತಾಜ್ ಮಹಲ್ ಮತ್ತು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ ಶುಕ್ರವಾರ, ದೆಹಲಿಯ ಕೆಂಪುಕೋಟೆ ಸೋಮವಾರ ಮುಚ್ಚಿರುತ್ತವೆ.

ಕೊನೆಗೆ, ಹೆಣ್ಣುಮಕ್ಕಳೇ ಸೇರಿ ಹೋಗುವುದು ಅಸಾಧ್ಯ ಎಂಬ ನಂಬಿಕೆ. ಭಯಕ್ಕೆ ಕಾರಣ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದನ್ನು ತಗ್ಗಿಸುವ ದಾರಿಗೆ ಹೆಚ್ಚು ದುಡ್ಡು ಬೇಕಿಲ್ಲ. ಹೊಸ ಊರನ್ನು ಬೆಳಗ್ಗೆ ಏಳರಿಂದ ಸಂಜೆ ಐದರೊಳಗೆ ಮುಟ್ಟುವ ರೈಲನ್ನೇ ಆರಿಸಿ. ತಡವಾಗಿ ನಡುರಾತ್ರಿ ತಲುಪಿದರೆ ಹೊರಗೆ ಹೋಗದೆ ನಿಲ್ದಾಣದ ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ ಬೆಳಗಾಗುವವರೆಗೆ ಕುಳಿತಿರಿ. ದೆಹಲಿ ಮೆಟ್ರೋದಲ್ಲೂ ಮುಂಬೈ ಲೋಕಲ್‌ನಲ್ಲೂ ಹೆಂಗಸರಿಗೇ ಮೀಸಲಾದ ಬೋಗಿಗಳಿವೆ. ರೈಲಿನಲ್ಲಿ ಯಾರಾದರೂ ಕಾಡಿದರೆ 139ಕ್ಕೆ, ಊರೊಳಗೆ 112ಕ್ಕೆ ಫೋನ್ ಮಾಡಿ. ಹೊರಡುವಾಗ ಪ್ರತಿ ರೈಲಿನ ಪಿಎನ್‌ಆರ್, ತಂಗುವ ಪ್ರತಿ ಲಾಡ್ಜಿನ ನಂಬರ್ ಬರೆದ ಒಂದು ಹಾಳೆಯನ್ನು ಅಮ್ಮನ ಕೈಗೆ ಕೊಟ್ಟು ಹೊರಡಿ.