ಆಸಿಡ್ ಇಳಿಸುವವರ ಕೈಚಳಕ

ಸಲ್ಫ್ಯೂರಿಕ್ ಆಸಿಡ್ ಹೊತ್ತು ಬರುವ ಟ್ಯಾಂಕರನ್ನು ಹಾಲಿನ ಟ್ಯಾಂಕರಿನ ಪಕ್ಕ ನಿಲ್ಲಿಸಿದರೆ ಗಿಡ್ಡವಾಗಿ ಕಾಣುತ್ತದೆ. ಕಾರಣ ತೂಕ. ಶೇ. 98ರ ಆಸಿಡ್ ಒಂದು ಲೀಟರಿಗೆ ಸುಮಾರು 1.83 ಕಿಲೋ ತೂಗುತ್ತದೆ. 20 ಟನ್ ಲೋಡ್ ಎಂದರೆ ಹತ್ತಿರ ಹತ್ತಿರ 11 ಸಾವಿರ ಲೀಟರ್, ಅಷ್ಟೆ. ನೋಡಲು ಅಡುಗೆ ಎಣ್ಣೆಯ ಹಾಗೆ ತುಸು ಮಂದ. ಹೊಗೆಯಿಲ್ಲ, ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಆದರೆ ಮೂಗಿಗೆ ಬಡಿದು ತಾನಿದ್ದೇನೆ ಎಂದು ಎಚ್ಚರಿಸುತ್ತದೆ. ಇದಕ್ಕೆ ಆ ಸೌಜನ್ಯವೂ ಇಲ್ಲ. ಹತ್ತಿಯ ಪ್ಯಾಂಟಿನ ಮೇಲೆ ಸಣ್ಣ ಹನಿ ಬಿದ್ದರೆ ಎಷ್ಟೋ ಸಲ ಗೊತ್ತಾಗುವುದು ಬಟ್ಟೆ ಒಗೆದ ಮೇಲೆ, ಅಲ್ಲೊಂದು ತೂತು ಬಿದ್ದಾಗ.

ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಗಂಧಕದಿಂದ ತಯಾರಾಗುವುದೂ ಇದೇ. ಪೀಣ್ಯದಂಥ ಕಡೆ ಲೋಹಕ್ಕೆ ಲೇಪ ಕೊಡುವ ಮೊದಲು ತುಕ್ಕು ತೆಗೆಯುವುದಕ್ಕೆ, ಬ್ಯಾಟರಿ ತುಂಬುವುದಕ್ಕೆ, ತ್ಯಾಜ್ಯನೀರನ್ನು ಹದಕ್ಕೆ ತರುವುದಕ್ಕೆ, ಎಲ್ಲಕ್ಕೂ ಇದು ಬೇಕು. ಹಾಗಾಗಿ ದಿನ ಬೆಳಗಾದರೆ ಎಲ್ಲೋ ಒಂದು ಗೇಟಿನ ಒಳಗೆ ಟ್ಯಾಂಕರಿನಿಂದ ಶೇಖರಣಾ ಟ್ಯಾಂಕಿಗೆ ಆಸಿಡ್ ಇಳಿಯುತ್ತಿರುತ್ತದೆ. ಚೆನ್ನಾಗಿ ಇಳಿಸಿದರೆ ನೋಡುವುದಕ್ಕೆ ಏನೂ ಇರುವುದಿಲ್ಲ. ಈ ಕಸುಬಿನವರಿಗೆ ಚಪ್ಪಾಳೆ ಸಿಗದಿರುವುದಕ್ಕೆ ಅದೇ ಕಾರಣವಿರಬೇಕು.

ಬಲ್ಲ ಆಪರೇಟರ್ ಮೊದಲು ಮುಟ್ಟುವುದು ಟ್ಯಾಂಕರನ್ನಲ್ಲ, ಸೇಫ್ಟಿ ಶವರಿನ ಹಿಡಿಯನ್ನು. ಕೆಲಸ ಮಾಡುತ್ತಿದೆಯೇ ಎಂದು ಎಳೆದು ನೀರು ಬಿಡುತ್ತಾನೆ. ಬಿಸಿಲುನಾಡಿನ ಕಾರ್ಖಾನೆಗಳಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ: ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಕಾದ ಪೈಪಿನೊಳಗಿನ ಮೊದಲ ನೀರು ಮೈ ಸುಡುವಷ್ಟು ಬಿಸಿಯಿರುತ್ತದೆ. ಅದು ಹರಿದುಹೋಗಲಿ ಎಂದು ಬಿಡುತ್ತಾನೆ. ಕಣ್ಣು ತೊಳೆಯುವ ಬೋಗುಣಿಯಲ್ಲಿ ಧೂಳಿದ್ದರೆ ಅದೂ ಹೋಗುತ್ತದೆ. ಆಮೇಲೆ ಚಕ್ರಗಳಿಗೆ ಮರದ ತುಂಡು. ಆಮೇಲೆ ಚಾಲಕನ ಹತ್ತಿರ, "ಅಣ್ಣಾ, ಕೀ ಕೊಟ್ಟಿರಿ, ಮುಗಿದ ಮೇಲೆ ತಗೊಳ್ಳಿ." ಹೋಸ್ ಸಿಕ್ಕಿಸಿರುವಾಗ ಗಾಡಿ ಒಂದಡಿ ಮುಂದೆ ಸರಿದರೂ ಸಾಕಲ್ಲ.

ಬಂದದ್ದು ಆಸಿಡ್ಡೇ ಹೌದೋ ಎಂದು ನೋಡುವುದರಲ್ಲೂ ಒಂದು ಸೂಕ್ಷ್ಮವಿದೆ. ಹೈಡ್ರೋಮೀಟರ್ ಇಳಿಬಿಟ್ಟರೆ ನೀರು ಬೆರೆತಿದೆಯೋ ಇಲ್ಲವೋ ಒಂದು ಮಟ್ಟಿಗೆ ತಿಳಿಯುತ್ತದೆ. ಆದರೆ ಇದರ ಸಾಂದ್ರತೆ ಶೇ. 98ರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ಶೇ. 100ರ ಕಡೆಗೆ ಹೋಗುವಾಗ ಕೊಂಚ ಇಳಿಯುತ್ತದೆ. ಆ ತುದಿಯ ಎರಡೂ ಬದಿಗೆ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬಹುದು. ಆದ್ದರಿಂದ ನಿಖರ ಲೆಕ್ಕ ಬೇಕಾದರೆ ಮಾದರಿ ಲ್ಯಾಬಿಗೆ ಹೋಗಲೇಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಬಾಯಿಗೆ ಸಿಕ್ಕಿಸುತ್ತೇವೆ ಎನ್ನುವುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಆಚಿಸನ್ ಊರಿನಲ್ಲಿ 2016ರ ಅಕ್ಟೋಬರ್ 21ರಂದು ಸಲ್ಫ್ಯೂರಿಕ್ ಆಸಿಡ್ ತಂದ ಟ್ಯಾಂಕರಿನ ಹೋಸ್ ಪಕ್ಕದ ಸೋಡಿಯಂ ಹೈಪೋಕ್ಲೋರೈಟ್ ಟ್ಯಾಂಕಿನ ಪೈಪಿಗೆ ಸೇರಿಕೊಂಡಿತು. ಎರಡೂ ಬೆರೆತು ಕ್ಲೋರಿನ್ ಮೋಡ ಎದ್ದಿತು. 140ಕ್ಕೂ ಹೆಚ್ಚು ಮಂದಿ ಚಿಕಿತ್ಸೆಗೆ ಹೋಗಬೇಕಾಯಿತು. ಎರಡು ಪೈಪುಗಳ ಬಾಯಿ ಅರ್ಧ ಮೀಟರಿನಷ್ಟೂ ದೂರವಿರಲಿಲ್ಲ, ನೋಡಲು ಒಂದೇ ಥರ ಇದ್ದವು, ಬೀಗ ಹಾಕಿರಬೇಕಾಗಿದ್ದ ಬಾಯಿಗೆ ಬೀಗವಿರಲಿಲ್ಲ. ಚಾಲಕನನ್ನು ಬೈಯುವುದು ಸುಲಭ. ನನಗಂತೂ ತಪ್ಪು ಶುರುವಾದದ್ದು ಆ ಪೈಪುಗಳನ್ನು ಜೋಡಿಸಿದ ದಿನವೇ ಎನ್ನಿಸುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಆಸಿಡ್ಡಿನ ಜೋಡಣೆಯ ಅಳತೆಯೇ ಬೇರೆ. ಬೇರೆ ಹೋಸ್ ಅಲ್ಲಿಗೆ ಕೂರುವುದೇ ಇಲ್ಲ. ಬೀಗದ ಕೈ ಆಪರೇಟರನ ಜೇಬಿನಲ್ಲಿರುತ್ತದೆ, ಬೀಗವನ್ನು ಅವನೇ ತೆಗೆಯುತ್ತಾನೆ.

ಹೊಸಬರಿಗೆ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಇಷ್ಟು ಕ್ರೂರ ದ್ರವವನ್ನು ತುಂಬಿಡುವುದು ಸಾಧಾರಣ ಕಬ್ಬಿಣದ ಟ್ಯಾಂಕಿನಲ್ಲಿ. ಗಟ್ಟಿ ಆಸಿಡ್ ಕಬ್ಬಿಣವನ್ನು ಸ್ವಲ್ಪ ಕೊರೆದು, ಅಲ್ಲೇ ಕಬ್ಬಿಣದ ಸಲ್ಫೇಟಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಮುಂದಿನ ಕೊರೆತಕ್ಕೆ ಆ ಪದರವೇ ಅಡ್ಡ. ಪದರ ಬಲು ಮೆತ್ತಗಿನದು. ಆಸಿಡ್ ರಭಸವಾಗಿ ಹರಿದರೆ ಕಿತ್ತುಹೋಗುತ್ತದೆ, ಅದಕ್ಕೇ ಕಬ್ಬಿಣದ ಪೈಪಿನಲ್ಲಿ ಹರಿವು ಸೆಕೆಂಡಿಗೆ 1 ಮೀಟರ್ ದಾಟದಂತೆ ನೋಡಿಕೊಳ್ಳುವುದು. ನೀರು ಸೇರಿದರಂತೂ ಕಥೆ ಬೇರೆ. ತೆಳುವಾದ ಆಸಿಡ್ ಕಬ್ಬಿಣವನ್ನು ಬಿಡದೆ ತಿನ್ನುತ್ತದೆ, ತಿನ್ನುತ್ತ ಹೈಡ್ರೋಜನ್ ಬಿಡುತ್ತದೆ. ಖಾಲಿ ಟ್ಯಾಂಕಲ್ಲವೇ ಎಂದು ಒಂದಿಷ್ಟು ನೀರು ಹೊಯ್ದು ತೊಳೆದು, ಗಾಳಿಯಾಡಿಸದೆ, ಅನಿಲ ಪರೀಕ್ಷೆ ಮಾಡದೆ ಅದರ ಮೇಲೆ ವೆಲ್ಡಿಂಗ್‌ಗೆ ಕೂರುವವರು ಕೂತಿರುವುದು ಬಾಂಬಿನ ಮೇಲೆ. ಹಾಗಾಗಿಯೇ ಟ್ಯಾಂಕಿನೊಳಕ್ಕೆ ಹೋಗುವ ಗಾಳಿಯಲ್ಲೂ ತೇವ ಇರಬಾರದೆಂದು ಉಸಿರುಕೊಳವೆಗೆ ಸಿಲಿಕಾ ಜೆಲ್ ಡಬ್ಬಿ ಕಟ್ಟುವುದು.

ಉಡುಪಿಗೂ ಒಂದು ಕ್ರಮವಿದೆ. ಪಿವಿಸಿ ಪ್ಯಾಂಟಿನ ಕಾಲು ಗಮ್‌ಬೂಟಿನ ಹೊರಗೆ ಬರಬೇಕು. ಒಳಗೆ ತುರುಕಿದರೆ ಮೈಮೇಲೆ ಬಿದ್ದದ್ದೆಲ್ಲ ಜಾರಿ ಪಾದಕ್ಕೇ ಇಳಿಯುತ್ತದೆ. ಕೈ ಮೇಲೆತ್ತಿ ಮಾಡುವ ಕೆಲಸವಿದ್ದರೆ ಕೈಗವಸಿನ ಅಂಚನ್ನು ಹೊರಕ್ಕೆ ಮಡಚುತ್ತಾರೆ, ಇಳಿದ ಹನಿ ಆ ಮಡಿಕೆಯಲ್ಲೇ ನಿಲ್ಲಲಿ ಎಂದು. ಕನ್ನಡಕದ ಮೇಲೆ ಮುಖಗಾಪು. ಎರಡೂ ಬೇಕು.

ಹೋಸ್ ಕೂರಿಸಿ, ಟ್ಯಾಂಕಿನಲ್ಲಿ ಇಡೀ ಲೋಡಿಗೆ ಜಾಗವಿದೆಯೇ ಎಂದು ಲೆಕ್ಕ ಹಾಕಿ, ವಾಲ್ವನ್ನು ಕೂದಲೆಳೆಯಷ್ಟು ತೆರೆದು ನಿಲ್ಲುತ್ತಾರೆ. ಒಂದೊಂದು ಜೋಡಣೆಯನ್ನೂ ಕಣ್ಣಲ್ಲೇ ಸವರುತ್ತಾರೆ. ತೇವ ಕಾಣದಿದ್ದರೆ ಇನ್ನೊಂದು ತಿರುವು. ಒಂದೂವರೆ ಗಂಟೆಯೋ ಎರಡೋ ಹಿಡಿಯಲಿ, ಬಲ್ಲವನು ಅಲ್ಲಿಂದ ಕದಲುವುದಿಲ್ಲ. ಗಾಳಿ ತುಂಬಿ ಒತ್ತಡದಿಂದ ಇಳಿಸಿದರೆ ಬೇಗ ಮುಗಿಯುತ್ತದೆ ಎನ್ನುವವರಿದ್ದಾರೆ. ಒತ್ತಡದಲ್ಲಿರುವ ಹೋಸ್ ಸೀಳಿದರೆ ಆಸಿಡ್ ಸೋರುವುದಿಲ್ಲ, ಚಿಮ್ಮುತ್ತದೆ. ಪಂಪೇ ವಾಸಿ.

ನಿಜವಾದ ಚಾಕಚಕ್ಯ ಕಾಣುವುದು ಕೊನೆಗೆ, ಹೋಸ್ ಬಿಚ್ಚುವಾಗ. ಟ್ಯಾಂಕರ್ ಖಾಲಿಯಾಗಿರುತ್ತದೆ, ಊಟದ ಹೊತ್ತಾಗಿರುತ್ತದೆ, ಚಾಲಕ ಹಾರ್ನ್ ಮೇಲೆ ಕೈಯಿಟ್ಟು ಕೂತಿರುತ್ತಾನೆ. ಹೋಸಿನ ಬಾಗಿನಲ್ಲಿ ಮಾತ್ರ ಇನ್ನೂ ಲೀಟರುಗಟ್ಟಲೆ ಆಸಿಡ್ ಇರಬಹುದು, ಅದರ ಹಿಂದೆ ಒತ್ತಡ ಸಿಕ್ಕಿಕೊಂಡಿರಬಹುದು. ಅನುಭವಸ್ಥ ಎರಡೂ ಕಡೆಯ ವಾಲ್ವ್ ಮುಚ್ಚಿ, ಡ್ರೈನ್ ತೆರೆದು, ಹೋಸನ್ನು ಒಂದು ತುದಿಯಿಂದ ಎತ್ತಿ ಬಸಿಯುತ್ತಾನೆ. ಫ್ಲ್ಯಾಂಜಿನ ಬೋಲ್ಟ್ ಸಡಿಲಿಸುವಾಗ ತನ್ನಿಂದ ಆಚೆಗಿರುವುದನ್ನು ಮೊದಲು ಸಡಿಲಿಸುತ್ತಾನೆ, ಅದನ್ನೂ ಪೂರ್ತಿ ತೆಗೆಯುವುದಿಲ್ಲ. ಒಳಗೆ ಏನಾದರೂ ಉಳಿದಿದ್ದರೆ ಆಚೆ ಬದಿಯ ಸಂದಿಯಿಂದ, ಅವನಿಗೆ ಬೆನ್ನು ತಿರುಗಿಸಿ, ಚಿಮ್ಮಲಿ. ಹತ್ತಿರದ ಬೋಲ್ಟಿಗೆ ಪಾನಾ ಹಾಕುವುದು ಎಲ್ಲ ತಣ್ಣಗಾದ ಮೇಲೆ. ಇದನ್ನು ಪುಸ್ತಕದಲ್ಲಿ ಓದಿ ಕಲಿಯಬಹುದು, ಆದರೆ ಹಸಿದ ಹೊಟ್ಟೆಯಲ್ಲಿ ಹಾರ್ನಿನ ಸದ್ದು ಕೇಳುತ್ತ ಮಾಡುವುದಕ್ಕೆ ವರ್ಷಗಳು ಬೇಕು.

ನೆಲದ ಮೇಲೆ ಬಿದ್ದ ಹನಿಗೆ ಮರಳು, ಸೋಡಾ ಆಶ್ ಅಥವಾ ಸುಣ್ಣ. ಮರದ ಹೊಟ್ಟು ಬೇಡ, ಕರಕಲಾಗುತ್ತದೆ. ಮೈಮೇಲೆ ಬಿದ್ದರೆ ಮಾತ್ರ ನೀರೇ, ಅದೂ ಧಾರಾಳವಾಗಿ, ಕನಿಷ್ಠ 15 ನಿಮಿಷ. ಸ್ವಲ್ಪ ನೀರು ಸೇರಿದರೆ ಆಸಿಡ್ ಕುದಿಯುತ್ತದೆ; ಹೊಳೆಯಂತೆ ಬಂದ ನೀರು ಆ ಬಿಸಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಸೋಡಾ ಹಚ್ಚುತ್ತ ಕೂರಬಾರದು. ಬಟ್ಟೆ ಕಳಚಲು ಜನ ನಾಚುತ್ತಾರೆ, ಮೇಲಧಿಕಾರಿಗಳ ಮುಂದಂತೂ ಇನ್ನೂ ಹೆಚ್ಚು, ಆ ನಾಚಿಕೆಯಲ್ಲಿ ಕಳೆವ ಅರ್ಧ ನಿಮಿಷ ದುಬಾರಿ. ಶವರಿನ ಸುತ್ತ ಒಂದು ಪರದೆ ಕಟ್ಟಿಸಿದ ಮ್ಯಾನೇಜರ್ ಯಾರೇ ಇರಲಿ, ಮನುಷ್ಯರನ್ನು ಬಲ್ಲವನು.

ಇದೆಲ್ಲ ಟ್ಯಾಂಕರ್ ತರಿಸುವ ಶಕ್ತಿಯಿದ್ದವರ ಮಾತಾಯಿತು. ಸಣ್ಣ ವರ್ಕ್‌ಶಾಪಿಗೆ ಆಸಿಡ್ ಬರುವುದು 35 ಲೀಟರಿನ ಕ್ಯಾನಿನಲ್ಲಿ, ತೂಕ 64 ಕಿಲೋ. ಅದನ್ನು ಹುಡುಗನೊಬ್ಬ ತೊಡೆಗೆ ಒರಗಿಸಿಕೊಂಡು ಬಗ್ಗಿಸುತ್ತಾನೆ. ಬಾಯಿಯೊಳಗೆ ಗಾಳಿ ನುಗ್ಗಿದಂತೆಲ್ಲ ಆಸಿಡ್ ಗುಳುಗುಳು ಎಂದು ಉಕ್ಕಿ ಹಾರುತ್ತದೆ. ಕ್ಯಾನನ್ನು ಕೂರಿಸಿ ನಿಧಾನಕ್ಕೆ ಬಾಗಿಸುವ ಕಬ್ಬಿಣದ ತೊಟ್ಟಿಲೊಂದಿದೆ. ನಾಲ್ಕು ಆಂಗಲ್, ಎರಡು ಬೇರಿಂಗ್, ಒಂದು ಹಿಡಿ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.